ಸೊನ್ನೆಯಿಂದ ಮೂರು ವರ್ಷದವರ ಮಾಂಟೆಸರಿ ಟೀಚರ್ ಆಗಬೇಕಾ? ಕಾಸರಗೋಡಿನ ಕಡೆಯಿಂದ ಹೊರಡುವವರಿಗೆ

"ಒಂದು ವರ್ಷದ ಮಗುವಿಗೆ ನೀನು ಕಲಿಸುವುದು ಎಂತ? ಎಬಿಸಿಡಿಯಾ?"

ನಾನು ಮಾಂಟೆಸರಿ ತರಬೇತಿಗೆ ಹೊರಟಾಗ ಬದಿಯಡ್ಕ ಪೇಟೆಯಲ್ಲಿ ಸಿಕ್ಕಿದ ನಮ್ಮ ದೊಡ್ಡಮ್ಮ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ನಕ್ಕು ಬಸ್ಸು ಹತ್ತಿದೆ. ಈಗ ಅದೇ ಪ್ರಶ್ನೆಯನ್ನು ನನಗೆ ಫೋನ್ ಮಾಡುವ ಹುಡುಗಿಯರು ಕೇಳುತ್ತಾರೆ. ಕುಂಬಳೆ, ಪೆರ್ಲ, ಮುಳ್ಳೇರಿಯ, ಉಪ್ಪಳ, ಹೀಗೆ ಎಲ್ಲೆಲ್ಲಿಂದಲೋ ಕರೆ ಬರುತ್ತದೆ. ಕೆಲವರು ಬಿಎ ಮುಗಿಸಿದವರು, ಕೆಲವರು ಮದುವೆಯಾಗಿ ಮಗು ಆದ ಮೇಲೆ ಏನಾದರೂ ಮಾಡಬೇಕು ಅಂದುಕೊಂಡವರು. ಎಲ್ಲರಿಗೂ ಒಂದೇ ಕಥೆ ಹೇಳಿ ಸಾಕಾಗಿ ಇದನ್ನು ಬರೆದಿದ್ದೇನೆ.

ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಇಷ್ಟೇ. ಆ ವಯಸ್ಸಿನ ಮಗುವಿಗೆ ನಾವು ಕಲಿಸುವುದು ಬಹಳ ಕಡಿಮೆ. ಅದು ತಾನಾಗಿ ಕಲಿಯುತ್ತದೆ. ಅದಕ್ಕೆ ಬೇಕಾದ ಜಾಗ, ಸಾಮಾನು, ಸಮಯ ಒದಗಿಸಿ, ಆಮೇಲೆ ನಮ್ಮ ಕೈ ನಮ್ಮ ಮಡಿಲಲ್ಲೇ ಇಟ್ಟುಕೊಳ್ಳುವುದು ಟೀಚರ ಕೆಲಸ. ಕೇಳಲು ಸುಲಭ. ನನಗೆ ಅದು ಬರಲು ಒಂದು ವರ್ಷ ಬೇಕಾಯಿತು.

ಮೊದಲು: ಯಾವ ವಯಸ್ಸು ಎಂದು ನಿರ್ಧರಿಸಿ

ಮಾಂಟೆಸರಿ ಅಂದರೆ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಮೂರರಿಂದ ಆರು ವರ್ಷದವರು. ಗುಲಾಬಿ ಬಣ್ಣದ ಗೋಪುರ, ಮಣಿಗಳು, ಮರಳು ಕಾಗದದ ಅಕ್ಷರ, ಇಂಥ ಸಾಮಾನು. ಅದು ಒಂದು ಕೋರ್ಸ್. ಹುಟ್ಟಿನಿಂದ ಮೂರರವರೆಗಿನದು ಬೇರೆಯೇ ಕೋರ್ಸ್. ಒಂದನ್ನು ಓದಿದರೆ ಇನ್ನೊಂದು ಬಂದುಬಿಡುವುದಿಲ್ಲ. ಎಷ್ಟೋ ಜನ ಮೂರರಿಂದ ಆರರ ಡಿಪ್ಲೊಮಾ ಹಿಡಿದು ಶಿಶುಗಳ ಕೋಣೆಗೆ ಬರುತ್ತಾರೆ. ಬಂದ ಮೇಲೆ ಕಂಗಾಲಾಗುತ್ತಾರೆ.

ಸಣ್ಣವರ ವಿಭಾಗದಲ್ಲೂ ಎರಡು ಭಾಗ ಇದೆ. ಎರಡು-ಮೂರು ತಿಂಗಳಿನಿಂದ ಚೆನ್ನಾಗಿ ನಡೆಯುವವರೆಗಿನ ಕೂಸುಗಳ ಕೋಣೆಗೆ 'ನಿಡೋ' ಎನ್ನುತ್ತಾರೆ. ಇಟಲಿಯ ಭಾಷೆಯಲ್ಲಿ ಗೂಡು ಎಂದು ಅರ್ಥ. ನಡೆಯಲು ಕಲಿತ ಮೇಲೆ, ಅಂದರೆ ಸುಮಾರು 14–18 ತಿಂಗಳಿನಿಂದ ಮೂರು ವರ್ಷದವರೆಗೆ, 'ಇನ್‌ಫೆಂಟ್ ಕಮ್ಯುನಿಟಿ'. ಹೆಸರು ಮಾತ್ರ ಇಂಗ್ಲಿಷು. ಒಳಗೆ ನಡೆಯುವುದು ನಮ್ಮ ಮನೆಗಳಲ್ಲಿ ನಡೆಯುವಂಥದ್ದೇ: ಬಾಳೆಹಣ್ಣು ಸುಲಿಯುವುದು, ಚೆಲ್ಲಿದ ನೀರು ಒರೆಸುವುದು, ಚಡ್ಡಿ ಏರಿಸುವುದು.

ನಿಮಗೆ ಎತ್ತಿಕೊಳ್ಳುವ ಕೂಸು ಇಷ್ಟವೋ, ಓಡಾಡುವ ಮಗು ಇಷ್ಟವೋ ಎಂದು ಈಗಲೇ ಯೋಚಿಸಿ. ಕೋರ್ಸಿನಲ್ಲಿ ಎರಡೂ ಇರುತ್ತದೆ. ಕೆಲಸ ಹುಡುಕುವಾಗ ವ್ಯತ್ಯಾಸ ಗೊತ್ತಾಗುತ್ತದೆ. ಬೆನ್ನು ನೋವು ಇರುವವರಿಗೆ ನಿಡೋ ಕಷ್ಟ. ಇದನ್ನು ಯಾವ ಕರಪತ್ರದಲ್ಲೂ ಬರೆದಿರುವುದಿಲ್ಲ.

ದುಡ್ಡು ಕಟ್ಟುವ ಮೊದಲು ಹತ್ತು ದಿನ ನೋಡಿ

ಇದು ನನ್ನ ದೊಡ್ಡ ಸಲಹೆ. ಫೀಸು ಕಟ್ಟುವ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಂಡು, ಮೂರು ವರ್ಷದೊಳಗಿನ ಮಗು ಇರುವ ಮನೆಗೆ ಹೋಗಿ. ಅಣ್ಣನ ಮಗು, ಪಕ್ಕದ ಮನೆಯ ಮಗು, ಯಾವುದಾದರೂ ಆಗಬಹುದು. ತಾಯಿಯನ್ನು ಕೇಳಿ ಒಪ್ಪಿಗೆ ಪಡೆದುಕೊಳ್ಳಿ. ದಿನಕ್ಕೆ ಒಂದು ಗಂಟೆ ಮೂಲೆಯಲ್ಲಿ ಕೂತು ಸುಮ್ನೆ ನೋಡಿ. ಮಾತಾಡಬಾರದು. ಮಗು ಹತ್ತಿರ ಬಂದರೆ ಒಂದು ಸಣ್ಣ ನಗು, ಮತ್ತೆ ನೋಟ್‌ಬುಕ್. ಅಪಾಯ ಕಂಡರೆ ಮಾತ್ರ ಏಳಬೇಕು.

ಬರೆಯುವುದಕ್ಕೂ ಒಂದು ಕ್ರಮ ಇದೆ. ನಾನು ಮೊದಲ ದಿನ ಬರೆದದ್ದು ಹೀಗಿತ್ತು: "ಮಗು ಖುಷಿಯಲ್ಲಿ ಆಡುತ್ತಾ ಇದೆ. ತುಂಬ ಚುರುಕು." ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಆರು ವಾರ ಕಳೆದ ಮೇಲೆ ಬರೆದದ್ದು ಹೀಗಿದೆ:

"10.05. ಬುಟ್ಟಿಯ ಮುಂದೆ ಕೂತಿದೆ. ಬಲಗೈ ಒಳಗೆ ಹಾಕಿತು. ಬಟ್ಟೆಯ ತುಂಡು ಎಳೆಯಿತು. ಬಾಯಿಗೆ ತಂದಿತು. 10.07. ಹೊರಗೆ ಬಸ್ಸಿನ ಹಾರ್ನ್. ತಲೆ ಎತ್ತಿತು, ಕೈ ನಿಂತಿತು. ಮತ್ತೆ ಬುಟ್ಟಿ. 10.11. ಎರಡೂ ಕೈಯಲ್ಲಿ ಬುಟ್ಟಿ ಮಗುಚಿತು. ಅಮ್ಮನ ಮುಖ ನೋಡಿತು."

ವ್ಯತ್ಯಾಸ ಕಂಡಿತಲ್ವಾ? ಎರಡನೆಯದರಲ್ಲಿ ನನ್ನ ಅಭಿಪ್ರಾಯ ಇಲ್ಲ. ಮಗು ಮಾಡಿದ್ದು ಮಾತ್ರ ಇದೆ. ಆರು ನಿಮಿಷ ಅದು ಒಂದೇ ಬುಟ್ಟಿಯ ಜೊತೆ ಇತ್ತು. "ಈ ಮಗುವಿಗೆ ಒಂದು ಕಡೆ ಗಮನ ಇಲ್ಲ" ಎಂದು ಅಜ್ಜಿ ಹೇಳುತ್ತಿದ್ದದ್ದು ತಪ್ಪು ಎಂದು ಗಡಿಯಾರವೇ ಹೇಳಿತು.

ನಮ್ಮ ಕಡೆಯ ಕೂಡು ಮನೆಗಳಲ್ಲಿ ಇದನ್ನು ಮಾಡುವುದು ಸುಲಭ ಅಲ್ಲ. ಮಗು ಕುಂಯ್ ಅಂದರೆ ನಾಲ್ಕು ಕೈ ಮುಂದೆ ಬರುತ್ತದೆ. ಬಗ್ಗಿ ಸಾಮಾನು ತೆಗೆಯಲು ಹೋದರೆ ಯಾರೋ ತೆಗೆದುಕೊಟ್ಟಿರುತ್ತಾರೆ. ಅದು ಪ್ರೀತಿ, ಬೈಯುವ ವಿಷಯ ಅಲ್ಲ. ಆದರೆ ನಿಮ್ಮ ಕೈಯೂ ಅವುಗಳಲ್ಲಿ ಒಂದು ಎಂದು ಹತ್ತು ದಿನದಲ್ಲಿ ನಿಮಗೆ ಗೊತ್ತಾಗಬೇಕು. ಒಂದು ಗಂಟೆ ಕೂತಾಗ ನಿಮಗೆ ಬೇಜಾರಾಗಿ ಫೋನ್ ತೆಗೆಯಬೇಕು ಅನಿಸಿದರೆ, ಹತ್ತನೇ ದಿನವೂ ಹಾಗೇ ಅನಿಸಿದರೆ, ಈ ಕೆಲಸ ಬೇಡ. ದುಡ್ಡು ಉಳಿಯಿತು.

ಕೋರ್ಸ್ ಆರಿಸುವಾಗ ಮೋಸ ಹೋಗಬೇಡಿ

ನಾನು ಒಮ್ಮೆ ಮೋಸ ಹೋದವಳು. ಆ ಸಂಸ್ಥೆಯ ಹೆಸರು ಬೇಡ. ಗೋಡೆಯ ಮೇಲೆ ದೊಡ್ಡ ಬೋರ್ಡು, "ಅಂತರರಾಷ್ಟ್ರೀಯ ಡಿಪ್ಲೊಮಾ". ನಾಲ್ಕು ತಿಂಗಳು ಭಾನುವಾರ ಮಾತ್ರ ಕ್ಲಾಸು. ಜೆರಾಕ್ಸ್ ನೋಟ್ಸು ಕೊಟ್ಟರು, ಕೊನೆಗೆ ಚಿನ್ನದ ಬಣ್ಣದ ಅಂಚಿನ ಸರ್ಟಿಫಿಕೇಟ್ ಕೊಟ್ಟರು. ಅಷ್ಟೂ ದಿನ ಒಂದೇ ಒಂದು ಮಗುವನ್ನು ನಮಗೆ ತೋರಿಸಲಿಲ್ಲ. ಮುಂದೆ ಒಂದು ಶಾಲೆಯ ಸಂದರ್ಶನಕ್ಕೆ ಹೋದಾಗ ಅಲ್ಲಿಯ ಮೇಡಂ ಆ ಕಾಗದವನ್ನು ನೋಡಿ, ಮಡಚಿ, ವಾಪಸ್ ಕೊಟ್ಟರು. ಏನೂ ಹೇಳಲಿಲ್ಲ. ಬೈದಿದ್ದರೇ ಒಳ್ಳೆಯದಿತ್ತು.

ಹೀಗಾಗಲು ಕಾರಣ ಇದೆ. ಮಾಂಟೆಸರಿ ಎಂಬ ಹೆಸರು ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಶಾಲೆಗೆ, ಕೋರ್ಸಿಗೆ ಆ ಹೆಸರು ಇಡಬಹುದು. ಹಾಗಾಗಿ ಬೋರ್ಡು ನೋಡಿ ನಂಬಬಾರದು. ಹಿಂದೆ ಯಾರಿದ್ದಾರೆ ನೋಡಬೇಕು.

ಈ ಪದ್ಧತಿಯನ್ನು ಶುರು ಮಾಡಿದ ಇಟಲಿಯ ಮಾರಿಯಾ ಮಾಂಟೆಸರಿ ಮತ್ತು ಅವರ ಮಗ ಮಾರಿಯೋ 1929ರಲ್ಲಿ ಕಟ್ಟಿದ್ದು ಅಸೋಸಿಯೇಶನ್ ಮಾಂಟೆಸರಿ ಇಂಟರ್‌ನ್ಯಾಷನಲ್, ಚಿಕ್ಕದಾಗಿ ಎಎಂಐ. ಇದರ ಕಚೇರಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಇದೆ. ಹುಟ್ಟಿನಿಂದ ಮೂರರ ಇವರ ತರಬೇತಿಗೆ 'ಅಸಿಸ್ಟೆಂಟ್ಸ್ ಟು ಇನ್‌ಫೆನ್ಸಿ' ಎಂಬ ಹೆಸರು ಇತ್ತು, ಈಗಲೂ ಹಳಬರು ಹಾಗೇ ಕರೆಯುತ್ತಾರೆ. ಅದು ಶುರುವಾದದ್ದು 1947ರಲ್ಲಿ, ರೋಮ್‌ನಲ್ಲಿ. ಶುರು ಮಾಡಿದವರು ಅಡೆಲೆ ಕೋಸ್ಟಾ ನ್ಯೋಕ್ಕಿ ಎಂಬ ಮಾಂಟೆಸರಿಯ ಶಿಷ್ಯೆ. 1960ರಲ್ಲಿ ಶುರುವಾದ ಅಮೆರಿಕನ್ ಮಾಂಟೆಸರಿ ಸೊಸೈಟಿಗೂ ಶಿಶುಗಳ ವಿಭಾಗದ ಬೇರೆ ಪ್ರಮಾಣಪತ್ರ ಇದೆ. ಬೆಂಗಳೂರಿನಲ್ಲಿ ಇಂಡಿಯನ್ ಮಾಂಟೆಸರಿ ಸೆಂಟರ್ ಇದೆ. ಯಾವುದೇ ಸಂಸ್ಥೆ "ನಾವು ಇವರ ಜೊತೆ ಇದ್ದೇವೆ" ಎಂದರೆ, ಆ ಮೂಲ ಸಂಸ್ಥೆಯ ವೆಬ್‌ಸೈಟಿನಲ್ಲಿ ಇವರ ಹೆಸರು ಇದೆಯಾ ನೋಡಿ. ಐದು ನಿಮಿಷದ ಕೆಲಸ. ನಾನು ಮಾಡಿರಲಿಲ್ಲ.

ಫೋನ್ ಮಾಡಿದಾಗ ಕೇಳಬೇಕಾದದ್ದು ಇಷ್ಟು. ಇದು ಸೊನ್ನೆಯಿಂದ ಮೂರರದ್ದಾ, ಮೂರರಿಂದ ಆರರದ್ದಾ? ಕಲಿಸುವವರು ಸ್ವತಃ ಶಿಶುಗಳ ಜೊತೆ ಎಷ್ಟು ವರ್ಷ ಇದ್ದರು? ಮಕ್ಕಳನ್ನು ನೋಡಲು ಎಲ್ಲಿಗೆ ಕಳಿಸುತ್ತಾರೆ, ಒಟ್ಟು ಎಷ್ಟು ಗಂಟೆ? ಅಭ್ಯಾಸ ತರಗತಿ ಎಷ್ಟು ವಾರ? ಮೌಖಿಕ ಪರೀಕ್ಷೆ ಉಂಟಾ? ಹೊರಗಿನ ಪರೀಕ್ಷಕರು ಬರುತ್ತಾರಾ? ನಡುವೆ ಬಿಟ್ಟರೆ ಫೀಸಿನಲ್ಲಿ ಎಷ್ಟು ವಾಪಸ್? ಉತ್ತರ ಕೊಡದೆ "ನೀವು ಒಮ್ಮೆ ಬನ್ನಿ, ಈ ವಾರ ಸೇರಿದರೆ ರಿಯಾಯಿತಿ" ಅಂದರೆ, ಹೋಗಬೇಡಿ.

ಇನ್ನೊಂದು ಮಾತು ಖಡಾಖಂಡಿತವಾಗಿ ತಿಳಿದಿರಲಿ. ಸರಕಾರಿ ಶಾಲೆಯ ಕೆಲಸಕ್ಕೆ ಮಾಂಟೆಸರಿ ಡಿಪ್ಲೊಮಾ ಸಾಕಾಗುವುದಿಲ್ಲ. ಅಲ್ಲಿಗೆ ಎನ್‌ಸಿಟಿಇ (ಶಿಕ್ಷಕರ ತರಬೇತಿಗೆ ಮಾನ್ಯತೆ ಕೊಡುವ ಕೇಂದ್ರದ ಸಂಸ್ಥೆ) ಒಪ್ಪಿದ ಶಿಕ್ಷಕ ತರಬೇತಿಯೇ ಬೇಕು. ನಮ್ಮಲ್ಲಿ ಗೋಡೆ ಗೋಡೆಯಲ್ಲಿ ಕಾಣುವ "ಮಾಂಟೆಸರಿ ಟಿಟಿಸಿ" (ಟೀಚರ್ಸ್ ಟ್ರೈನಿಂಗ್ ಕೋರ್ಸ್) ಎಂಬ ಹೆಸರು ಕೇಳಿ, ಟಿಟಿಸಿ ಅಂದರೆ ಸರಕಾರಿ ಟಿಟಿಸಿ ಎಂದುಕೊಂಡು ಸೇರಿದವರನ್ನು ನಾನು ನೋಡಿದ್ದೇನೆ. ಪಾಪ, ಮನೆಯವರು ಅಡಕೆ ಮಾರಿದ ದುಡ್ಡು ಕೊಟ್ಟಿದ್ದರು.

ಒಳ್ಳೆಯ ಶಿಶು ಕೋರ್ಸ್ ಎಲ್ಲ ಊರಿನಲ್ಲಿ ಇರುವುದಿಲ್ಲ. ಊರು ಬಿಟ್ಟು ದೊಡ್ಡ ನಗರದಲ್ಲಿ ಕೆಲವು ತಿಂಗಳು ಇರಬೇಕಾಗಬಹುದು. ಫೀಸಿನ ಜೊತೆ ಪಿಜಿ ಬಾಡಿಗೆ, ಊಟ, ಸಾಮಾನು ಮಾಡುವ ಖರ್ಚು ಸೇರಿಸಿ ಲೆಕ್ಕ ಹಾಕಿ. ಅಷ್ಟು ಆಗದಿದ್ದರೆ ಕೆಲವೇ ವಾರಗಳ ಸಹಾಯಕರ ತರಬೇತಿ ಎಂಬುದೊಂದು ಇದೆ. ಅದರಿಂದ ಮುಖ್ಯ ಟೀಚರ್ ಆಗಲು ಬರುವುದಿಲ್ಲ. ಆದರೆ ಒಂದು ವರ್ಷ ಸಹಾಯಕಿಯಾಗಿ ದುಡಿದು, ಇದು ನಿಮಗೆ ಹೌದೋ ಅಲ್ಲವೋ ನೋಡಿ, ಆಮೇಲೆ ದೊಡ್ಡ ಕೋರ್ಸಿಗೆ ಹೋಗಬಹುದು. ನನ್ನನ್ನು ಕೇಳಿದರೆ ಇದೇ ಜಾಣತನ.

ಇಂಗ್ಲಿಷಿನ ಹೆದರಿಕೆ

ನಾನು ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಕೋರ್ಸ್ ಇಂಗ್ಲಿಷಿನಲ್ಲಿ. ಮೊದಲ ವಾರ 'ಮಯಲಿನೇಶನ್' ಎಂಬ ಶಬ್ದ ಬಂದಾಗ ನಾನು ಮೈಲಿಗೆ ಏನೋ ಸಂಬಂಧ ಎಂದುಕೊಂಡಿದ್ದೆ. ನರದ ಎಳೆಯ ಸುತ್ತ ಕೊಬ್ಬಿನ ಒಂದು ಹೊದಿಕೆ ಕೂರುವುದು ಅದು. ಹೊದಿಕೆ ಬಂದಂತೆ ಮೆದುಳಿನ ಸಂದೇಶ ಬೇಗ ಓಡುತ್ತದೆ. ಮೈಯಲ್ಲಿ ಹಿಡಿತ ಮೇಲಿನಿಂದ ಕೆಳಗೆ ಇಳಿಯುತ್ತದೆ: ಮೊದಲು ಕುತ್ತಿಗೆ, ಆಮೇಲೆ ಬೆನ್ನು, ಆಮೇಲೆ ಕಾಲು. ಮೂರು-ನಾಲ್ಕು ತಿಂಗಳಿಗೆ ತಲೆ ನಿಲ್ಲುವುದು, ಒಂದು ವರ್ಷದ ಆಚೀಚೆ ಹೆಜ್ಜೆ ಇಡುವುದು ಈ ಕಾರಣಕ್ಕೆ. ತಂತಿಗೆ ಪ್ಲಾಸ್ಟಿಕ್ ಹೊದಿಕೆ ಎಂದು ನೋಟ್ಸಿನ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಮರೆಯಲೇ ಇಲ್ಲ.

ನೀವೂ ಹಾಗೇ ಮಾಡಿ. ಪುಟದ ಒಂದು ಬದಿ ಖಾಲಿ ಬಿಟ್ಟು, ಅದರಲ್ಲಿ ನಿಮ್ಮ ಮನೆ ಭಾಷೆಯಲ್ಲಿ ಬರೆಯಿರಿ. ಮುಂದೆ ತಾಯಂದಿರ ಜೊತೆ ಮಾತಾಡುವಾಗ ಬೇಕಾಗುವುದು ಆ ಬದಿಯೇ.

ಕೋರ್ಸಿನ ಒಳಗೆ

ಬೆಳಿಗ್ಗೆ ಪಾಠ. ಮಗುವಿನ ಮೈ, ಆಹಾರ, ಮನಸ್ಸು, ಹೆರಿಗೆಯ ನಂತರದ ವಾರಗಳು, ಮಾಂಟೆಸರಿಯ ವಿಚಾರ. ಇತಿಹಾಸದ ಪಾಠದಲ್ಲಿ ನನಗೆ ರೋಮಾಂಚನ ಆದದ್ದು ನಮ್ಮ ನೆರೆಯ ರಾಜ್ಯದ ಊರಿನ ಹೆಸರು ಬಂದಾಗ. 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ತೆರೆದ ಮಾರಿಯಾ, 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು. ಮೊದಲ ಕೋರ್ಸಿಗೆ ಸುಮಾರು 300 ಜನ. ಯುದ್ಧ ಶುರುವಾಗಿತ್ತು. ಇಟಲಿ ಬ್ರಿಟಿಷರ ಎದುರು ನಿಂತದ್ದರಿಂದ ಮಗ ಮಾರಿಯೋನನ್ನು ಬ್ರಿಟಿಷ್ ಸರಕಾರ ಸೆರೆಯಲ್ಲಿಟ್ಟಿತು. 1940ರಲ್ಲಿ ಆಕೆಯ 70ನೇ ಹುಟ್ಟುಹಬ್ಬಕ್ಕೆ ಬಿಟ್ಟಿತು. ಆಮೇಲೆ ಕೊಡೈಕನಾಲಿನಲ್ಲೂ ಇದ್ದರು. ನಾವು ಏನೋ ಪರದೇಶದ ಪದ್ಧತಿ ಎಂದುಕೊಳ್ಳುವುದರಲ್ಲಿ ಒಂದು ಪಾಲು ತಮಿಳುನಾಡಿನ ಬೆಟ್ಟದ ಮೇಲೆ ಬೆಳೆದದ್ದು.

ಮಧ್ಯಾಹ್ನ ಕೈಕೆಲಸ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಯಾರೂ ಇದಕ್ಕೆ ತಯಾರಾಗಿ ಬರುವುದಿಲ್ಲ.

ಹಸುಗೂಸಿಗೆ ತೂಗುಹಾಕುವ ಆಟಿಕೆಗಳನ್ನು ನಾವೇ ಮಾಡಬೇಕು. ಮೊದಲನೆಯದು ಮುನಾರಿ, ಕಪ್ಪು-ಬಿಳಿ ಆಕಾರಗಳು ಮತ್ತು ಒಂದು ಗಾಜಿನ ಗೋಳ. ಹುಟ್ಟಿದ ಕೂಸಿಗೆ ದೂರ ಕಾಣುವುದಿಲ್ಲ. ಕಣ್ಣಿಗೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿ, ಬೆಳಕು-ಕತ್ತಲೆಯ ವ್ಯತ್ಯಾಸ ಇದ್ದರೆ ಹಿಡಿಯುತ್ತದೆ. ಎರಡನೆಯದು ಬಣ್ಣದ ಹಾಳೆಯ ಎಂಟು ಮುಖದ ಗೂಡುಗಳು. ಮೂರನೆಯದು ಗೊಬ್ಬಿ. ಅದು ನನ್ನನ್ನು ಅಳಿಸಿತು.

ಗೊಬ್ಬಿ ಎಂದರೆ ಐದು ಗುಂಡು. ಒಂದೇ ಬಣ್ಣದ ಐದು ಛಾಯೆ, ಕಡುವಿನಿಂದ ತಿಳಿಗೆ. ಓರೆ ಸಾಲಿನಲ್ಲಿ ತೂಗಬೇಕು. ಥರ್ಮೋಕೋಲ್ ಗುಂಡಿಗೆ ಕಸೂತಿ ನೂಲು ಸುತ್ತಬೇಕು, ಒಂದು ಎಳೆಯ ಪಕ್ಕದಲ್ಲಿ ಇನ್ನೊಂದು, ಒಳಗಿನ ಬಿಳಿ ಕಾಣಬಾರದು. ರಜೆಗೆ ಊರಿಗೆ ಬಂದಾಗ ಕಾಸರಗೋಡು ಪೇಟೆಯ ಅಂಗಡಿಯಲ್ಲಿ ನೀಲಿ ನೂಲು ಕೇಳಿದೆ. "ಎಷ್ಟು ನೀಲಿ ಬೇಕು?" ಎಂದರು. "ಐದು ನೀಲಿ" ಎಂದೆ. ಅವರು ಇಡೀ ಡಬ್ಬ ತೆಗೆದು ಮೇಜಿನ ಮೇಲೆ ಸುರಿದರು. ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಜೋಡಿಸಿದೆ. ನಾಲ್ಕು ಸಿಕ್ಕಿತು, ನಡುವಿನದೊಂದು ಸಿಗಲಿಲ್ಲ. ಅದಕ್ಕಾಗಿ ರೈಲು ಹತ್ತಿ ಮಂಗಳೂರಿಗೆ ಹೋದೆ. ಒಂದು ಗುಂಡು ಸುತ್ತಲು ಒಂದು ಸಂಜೆ. ಮೂರನೆಯದು ಮುಗಿಯುವ ಹೊತ್ತಿಗೆ ನೂಲು ಜಾರಿ ಅರ್ಧ ಬಿಚ್ಚಿಹೋಯಿತು.

ಇಷ್ಟು ಕಷ್ಟ ಯಾಕೆ, ಆನ್‌ಲೈನಿನಲ್ಲಿ ಸಿಗುತ್ತದಲ್ಲ ಎಂದು ಟೀಚರನ್ನು ಕೇಳಿದೆ. "ಸಿಗುತ್ತದೆ. ಆದರೆ ಐದು ದಿನ ನೀವು ಒಂದು ಬಣ್ಣವನ್ನು ಇಷ್ಟು ಹತ್ತಿರದಿಂದ ಯಾವತ್ತು ನೋಡಿದ್ದಿರಿ?" ಎಂದರು. ಸಿಟ್ಟು ಬಂದಿತ್ತು. ಎರಡು ತಿಂಗಳ ಕೂಸೊಂದು ಅದರ ಕೆಳಗೆ ಮಲಗಿ ಹದಿನೈದು ನಿಮಿಷ ಕಣ್ಣು ತೆಗೆಯದೆ ನೋಡಿದಾಗ ಸಿಟ್ಟು ಇಳಿಯಿತು.

ಕೈಕೆಲಸದ ನಂತರ ಆಲ್ಬಮ್ ಬರೆಯುವುದು. ಆಲ್ಬಮ್ ಅಂದರೆ ಫೋಟೋ ಅಲ್ಲ. ಪ್ರತಿ ಚಟುವಟಿಕೆಗೂ ಯಾವ ಸಾಮಾನು, ಯಾವ ವಯಸ್ಸು, ಹೇಗೆ ತೋರಿಸುವುದು, ಯಾಕೆ, ಎಲ್ಲವನ್ನೂ ನಿಮ್ಮ ಮಾತಿನಲ್ಲಿ ಬರೆದ ಪುಸ್ತಕ. ಅವತ್ತಿನದನ್ನು ಅವತ್ತೇ ಬರೆಯಿರಿ. ಬಾಕಿ ಉಳಿಸಿದರೆ ಮಳೆಗಾಲದ ಬಟ್ಟೆಯ ಹಾಗೆ ರಾಶಿ ಬೀಳುತ್ತದೆ.

ಕೈ ನಿಧಾನ ಮಾಡುವುದು

ತೋರಿಸುವುದು ಅಂದರೆ ಮಾತಾಡುತ್ತಾ ತೋರಿಸುವುದಲ್ಲ. ಮಾತು ಅಥವಾ ಕೈ, ಒಂದು ಸಲಕ್ಕೆ ಒಂದು. ಎರಡೂ ಒಟ್ಟಿಗೆ ಬಂದರೆ ಮಗು ಬಾಯಿ ನೋಡುತ್ತದೆ, ಕೈ ನೋಡುವುದಿಲ್ಲ.

ಇದನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು. ಪುಟ್ಟ ಗಿಂಡಿಯಿಂದ ಲೋಟಕ್ಕೆ ನೀರು ಎರೆಯಿರಿ. ನೀವು ಎಂದಿನಂತೆ ಮಾಡುವುದಕ್ಕಿಂತ ನಾಲ್ಕು ಪಟ್ಟು ನಿಧಾನ. ಹಿಡಿ ಹಿಡಿದಿರಿ, ನಿಂತಿರಿ. ಎತ್ತಿದಿರಿ, ನಿಂತಿರಿ. ಬಾಗಿಸಿದಿರಿ. ಕೊನೆಯ ಹನಿ ಬೀಳುವವರೆಗೆ ಕಾದಿರಿ. ಗಿಂಡಿಯ ಬಾಯಿಯನ್ನು ಒರೆಸಿದಿರಿ. ಮನೆಯವರು ನಗುತ್ತಾರೆ. ನಗಲಿ.

ನನ್ನ ಅಭ್ಯಾಸ ತರಗತಿಯ ಎರಡನೇ ದಿನ, ಹದಿನಾರು ತಿಂಗಳಿನ ಹುಡುಗಿ ಹೀಗೆ ನೀರು ಎರೆದಳು. ಅರ್ಧ ಲೋಟಕ್ಕೆ, ಅರ್ಧ ಮೇಜಿಗೆ. ನನ್ನ ಕೈ ತಾನಾಗಿ ಬಟ್ಟೆಗೆ ಹೋಯಿತು. ಮಾರ್ಗದರ್ಶಕಿ ಆಚೆ ಮೂಲೆಯಿಂದ ನನ್ನನ್ನು ನೋಡಿದರು, ಅಷ್ಟೇ. ಕೈ ಹಿಂದೆ ತೆಗೆದೆ. ಹುಡುಗಿ ನೀರನ್ನು ನೋಡಿದಳು. ಬೆರಳಿನಿಂದ ಒಂದು ಗೆರೆ ಎಳೆದಳು. ಎದ್ದು ಹೋಗಿ, ಕೊಕ್ಕೆಯಲ್ಲಿದ್ದ ಬಟ್ಟೆ ತಂದಳು. ಒರೆಸಿದಳು, ಮೇಜಿನ ಒಣಗಿದ ಬದಿಯನ್ನು. ಒದ್ದೆ ಬದಿ ಹಾಗೇ ಇತ್ತು. ಬಟ್ಟೆಯನ್ನು ವಾಪಸ್ ಕೊಕ್ಕೆಗೆ ಹಾಕಲು ಮೂರು ಸಲ ನೋಡಿದಳು. ಮೂರನೇ ಸಲ ನಿಂತಿತು. ಅವಳ ಮುಖ! ನಾನು ಒರೆಸಿದ್ದರೆ ಅದು ಅವಳಿಗೆ ಸಿಗುತ್ತಿರಲಿಲ್ಲ.

ಡೈಪರ್ ಬದಲಿಸುವುದಕ್ಕೂ ಇದೇ ನಿಯಮ. ಹಿಂದಿನಿಂದ ಬಂದು ಹಠಾತ್ತಾಗಿ ಎತ್ತಬಾರದು. ಎದುರು ಕೂತು, "ನಿನ್ನನ್ನು ಎತ್ತುತ್ತೇನೆ" ಎಂದು ಹೇಳಿ, ಒಂದು ಕ್ಷಣ ಕಾಯಬೇಕು. ನಾಲ್ಕು ತಿಂಗಳ ಕೂಸೂ ಆ ಕ್ಷಣದಲ್ಲಿ ಮೈ ಗಟ್ಟಿ ಮಾಡಿ ಎತ್ತಿಸಿಕೊಳ್ಳಲು ತಯಾರಾಗುತ್ತದೆ. ಒಮ್ಮೆ ಪರೀಕ್ಷಿಸಿ ನೋಡಿ.

ನಮ್ಮ ಮನೆಗಳಿಗೆ ಹೊಂದಿಸುವುದು

ಕೋರ್ಸಿನಲ್ಲಿ ನೆಲದ ಹಾಸಿಗೆ ಎಂದು ಹೇಳುತ್ತಾರೆ. ಮಗು ತಾನೇ ಇಳಿದು ತೆವಳಿ ಹೋಗುವಷ್ಟು ತಗ್ಗಿನ ಹಾಸಿಗೆ. ಊರಲ್ಲಿ ಹೇಳಿದೆ. "ಬಾಬೆಯನ್ನು ನೆಲದಲ್ಲಿ ಮಲಗಿಸುವುದಾ? ತೊಟ್ಟಿಲು ಎಂತಕ್ಕೆ ಇರುವುದು?" ಎಂದು ಅಜ್ಜಿ ಸಿಟ್ಟು ಮಾಡಿಕೊಂಡರು. ಅಜ್ಜಿಯದೂ ಪೂರ್ತಿ ತಪ್ಪಲ್ಲ. ಜೂನ್-ಜುಲೈಯಲ್ಲಿ ನಮ್ಮ ನೆಲ ತೇವ ಕುಡಿದು ಒದ್ದೆ ಇರುತ್ತದೆ. ಹಲಗೆಯ ಮೇಲೆ ಹಾಸಿಗೆ ಹಾಕಿ ಎಂದು ನಾನು ಹೇಳುತ್ತೇನೆ. ತೊಟ್ಟಿಲಲ್ಲಿ ಮಲಗಲಿ, ಎದ್ದಿರುವಾಗ ಚಾಪೆಯಲ್ಲಿ ಇರಲಿ. ಜಗಳ ಮಾಡಿ ತೊಟ್ಟಿಲು ಅಟ್ಟಕ್ಕೆ ಹಾಕಿಸುವ ಟೀಚರನ್ನು ಯಾವ ಮನೆಯೂ ಎರಡನೇ ಸಲ ಕರೆಯುವುದಿಲ್ಲ.

ಇನ್ನೊಂದು ಕಡೆ, ನಮ್ಮಲ್ಲಿ ಆಗಲೇ ಇರುವುದನ್ನು ನೋಡಿ. ಹಸುಗೂಸನ್ನು ಕೈಯಿಂದ ಕೈಗೆ ಕೊಡುವಾಗ ಮೈ ಅದುರದ ಹಾಗೆ ಕೆಳಗೆ ಹಿಡಿಯುವ ತೆಳು ಹಾಸಿಗೆಯೊಂದನ್ನು ಕೋರ್ಸಿನಲ್ಲಿ ಹೊಲಿಸುತ್ತಾರೆ. ಟೊಪ್ಪೊಂಚಿನೋ ಅದರ ಹೆಸರು. ಅಡಕೆ ಹಾಳೆಯಲ್ಲಿ ಕೂಸನ್ನು ಮಲಗಿಸಿ ಎಣ್ಣೆ ಹಚ್ಚಿ ಮೀಯಿಸಿದ ಅಜ್ಜಿಯಂದಿರಿಗೆ ಆ ಹಿಡಿತ ಹೊಸತಲ್ಲ. ಊಟಕ್ಕೆ ಮಗುವಿನ ಕಾಲು ನೆಲಕ್ಕೆ ಮುಟ್ಟುವ ಪುಟ್ಟ ಮೇಜು-ಕುರ್ಚಿ ಬೇಕು ಎನ್ನುತ್ತಾರೆ. ಮಣೆ ಇಲ್ಲವಾ? ಒಂದರ ಮೇಲೆ ಮಗು, ಎತ್ತರದ ಇನ್ನೊಂದರ ಮೇಲೆ ಬಟ್ಟಲು. ಕುಚ್ಚಲಕ್ಕಿ ಗಂಜಿ ಸ್ವಲ್ಪ ಗಟ್ಟಿ ಮಾಡಿದರೆ ಚಮಚದಲ್ಲಿ ನಿಲ್ಲುತ್ತದೆ, ಚೆಲ್ಲುವುದು ಕಡಿಮೆ.

ಗಾಜಿನ ಪುಟ್ಟ ಲೋಟ ಕೊಡಬೇಕು ಎನ್ನುವುದನ್ನು ಮಾತ್ರ ಇಲ್ಲಿ ಯಾರೂ ಒಪ್ಪುವುದಿಲ್ಲ. ಬಿದ್ದರೆ ಒಡೆಯುತ್ತದೆ, ಹಾಗಾಗಿ ಮಗು ಜೋಪಾನ ಕಲಿಯುತ್ತದೆ ಎಂಬುದು ತರ್ಕ. ತರಗತಿಯಲ್ಲಿ ಟೀಚರ್ ಪಕ್ಕದಲ್ಲೇ ಇರುವಾಗ ಅದು ಸರಿ. ಮನೆಗೆ ನಾನು ಸ್ಟೀಲ್ ಲೋಟ ಎನ್ನುತ್ತೇನೆ.

ಅಪಾಯದ ಪಟ್ಟಿಯಂತೂ ನಮ್ಮದೇ ಬೇರೆ. ಪರದೇಶದ ಪುಸ್ತಕದಲ್ಲಿ ಮೆಟ್ಟಿಲು, ಪ್ಲಗ್ಗು ಎಂದಿರುತ್ತದೆ. ಇಲ್ಲಿ ಬಾವಿಕಟ್ಟೆ, ತೋಟದ ಕೆರೆ, ಅಂಗಳದಲ್ಲಿ ಒಣಹಾಕಿದ ಅಡಕೆ. ಬಾಯಿಯೊಳಗೆ ಹಿಡಿಸುವಷ್ಟು ಸಣ್ಣದು ಯಾವುದೂ ಈ ವಯಸ್ಸಿನವರ ಕೈಗೆ ಸಿಗಬಾರದು. ಅಡಕೆ, ಹಲಸಿನ ಬೀಜ, ಕಡಲೆ, ರಂಬುಟಾನ್ ಎಲ್ಲ ಅದರಲ್ಲಿ ಬರುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬಾರದು. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಯ ಹೊಟ್ಟೆಯಲ್ಲಿ ಬೆಳೆದು ವಿಷ ಮಾಡುತ್ತದೆ. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಒಂದು ವರ್ಷದೊಳಗಿನವರಿಗೆ ಮಾಡುವುದು ಬೇರೆ, ದೊಡ್ಡವರಿಗೆ ಬೇರೆ. ಸಣ್ಣವರಿಗೆ ಬೆನ್ನಿಗೆ ಐದು ಪೆಟ್ಟು, ಎದೆಗೆ ಐದು ಒತ್ತು. ಓದಿ ಬರುವ ವಿದ್ಯೆ ಅಲ್ಲ. ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಬೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯಿರಿ. ಕೋರ್ಸಿನಲ್ಲಿ ಇಲ್ಲದಿದ್ದರೆ ಬೇರೆ ಕಡೆ ಹೋಗಿಯಾದರೂ ಕಲಿಯಿರಿ.

ಯಾವ ಭಾಷೆಯಲ್ಲಿ ಮಾತಾಡುವುದು?

ಕಾಸರಗೋಡಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಮನೆಯಲ್ಲಿ ತುಳು ಅಥವಾ ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ, ಮರಾಟಿ. ಪೇಟೆಯಲ್ಲಿ ಮಲಯಾಳ. ಶಾಲೆಗೆ ಕನ್ನಡವೋ ಇಂಗ್ಲಿಷೋ. ತಂದೆ-ತಾಯಿ ಬಂದು, "ಮಗುವಿಗೆ ಗೊಂದಲ ಆಗುವುದಿಲ್ವಾ? ಇಂಗ್ಲಿಷ್ ಮಾತ್ರ ಮಾತಾಡಿ ಟೀಚರೇ" ಎನ್ನುತ್ತಾರೆ.

ಗೊಂದಲ ಆಗುವುದಿಲ್ಲ. ನಮ್ಮಲ್ಲಿ 22 ತಿಂಗಳಿನ ಹುಡುಗ ಒಬ್ಬ ಇದ್ದ. ನನ್ನ ಹತ್ತಿರ ಬಂದು "ನೀರು" ಎನ್ನುತ್ತಿದ್ದ. ಅಡುಗೆ ಮಾಡುವ ಮಲಯಾಳಿ ಅಕ್ಕ, ಚೇಚಿಯ ಹತ್ತಿರ ಹೋಗಿ "ವೆಳ್ಳಂ" ಎನ್ನುತ್ತಿದ್ದ. ಒಮ್ಮೆ ನಾನು ಅಡುಗೆಕೋಣೆಯಲ್ಲಿ ಚೇಚಿಯ ಜಾಗದಲ್ಲಿ ನಿಂತಿದ್ದೆ. ಬಂದವನು "ವೆ" ಎಂದು ಶುರು ಮಾಡಿ, ತಲೆ ಎತ್ತಿ ನನ್ನ ಮುಖ ನೋಡಿ, "ನೀರು" ಎಂದ. ಎರಡು ವರ್ಷವೂ ತುಂಬದವನಿಗೆ ಯಾರಿಗೆ ಯಾವ ಭಾಷೆ ಎಂಬ ಲೆಕ್ಕ ಪಕ್ಕಾ ಇತ್ತು.

ಹಾಗಾಗಿ ನೀವು ಮಾಡಬೇಕಾದದ್ದು, ನಿಮಗೆ ಚೆನ್ನಾಗಿ ಬರುವ ಭಾಷೆಯನ್ನು ಹಿಡಿದುಕೊಳ್ಳುವುದು. ಒಬ್ಬ ಟೀಚರ್, ಒಂದು ಭಾಷೆ. ಒಂದೇ ವಾಕ್ಯದಲ್ಲಿ "ಬೇಬಿ, ಕಮ್, ಮಮ್ಮು ತಿನ್ನು" ಎಂದು ಕಲಸಬೇಡಿ. ವಸ್ತುವಿಗೆ ಸರಿಯಾದ ಹೆಸರು ಹೇಳಿ. "ಹೂ" ಎಂದು ಬಿಡಬೇಡಿ, ದಾಸವಾಳ, ಅಬ್ಬಲಿಗೆ, ರಥಪುಷ್ಪ ಎಂದು ಹೇಳಿ. ಚಿತ್ರ ಆಮೇಲೆ, ಮೊದಲು ನಿಜವಾದ ವಸ್ತು: ಬೆಂಡೆಕಾಯಿ, ಹಾಗಲಕಾಯಿ, ಬದನೆಕಾಯಿ ಒಂದು ಬುಟ್ಟಿಯಲ್ಲಿ. ಮುಟ್ಟಲಿ, ಮೂಸಲಿ.

ಹೆಸರು ಕಲಿಸಲು ಮೂರು ಹಂತದ ಪಾಠ ಇದೆ. "ಇದು ಬೆಂಡೆಕಾಯಿ." "ಬೆಂಡೆಕಾಯಿ ಎಲ್ಲಿದೆ? ನನ್ನ ಕೈಗೆ ಕೊಡು." "ಇದು ಏನು?" ಸಣ್ಣವರಿಗೆ ಮೊದಲ ಎರಡು ಸಾಕು. ಮೂರನೆಯದು ಪರೀಕ್ಷೆಯ ಹಾಗೆ, ಮಾತು ಚೆನ್ನಾಗಿ ಬಂದ ಮೇಲೆ ಮಾತ್ರ. ನೆಂಟರ ಮುಂದೆ "ಹೇಳು ಪುಟ್ಟಾ, ಇದು ಎಂತ?" ಎಂದು ಹಿಂಸೆ ಮಾಡುವುದು ನಮ್ಮೂರಿನ ಹಳೆಯ ಹವ್ಯಾಸ. ಟೀಚರ್ ಆದವರು ಬಿಡಬೇಕು.

ಪರೀಕ್ಷೆ, ಕೆಲಸ

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಲ್ಬಮ್ ನೀವೇ ಬರೆದಿದ್ದರೆ, ಮಕ್ಕಳನ್ನು ನೋಡಿದ್ದರೆ, ಪಾಸಾಗುತ್ತೀರಿ. ಮೌಖಿಕದಲ್ಲಿ ನನ್ನ ಕೈ ನಡುಗಿತ್ತು. ಪರೀಕ್ಷಕರು ಕಾದರು. ಅವರೂ ಅದೇ ತರಬೇತಿ ಪಡೆದವರು ತಾನೇ.

ಕೆಲಸ ಎಲ್ಲಿ? ಮಂಗಳೂರು, ಬೆಂಗಳೂರಿನ ಮಾಂಟೆಸರಿ ಶಾಲೆಗಳು ಒಂದು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಂದ ತಿದ್ದುಪಡಿಯಿಂದ ಶುರುವಾದ ನಿಯಮದಂತೆ 50 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕು. ಆಸ್ಪತ್ರೆ, ಕಂಪನಿಗಳಲ್ಲಿ ಕೇಳಿ ನೋಡಿ. 2024ರಲ್ಲಿ ಕೇಂದ್ರ ಸರಕಾರ ಹುಟ್ಟಿನಿಂದ ಮೂರರ ಮಕ್ಕಳಿಗಾಗಿ 'ನವಚೇತನ' ಎಂಬ ಚೌಕಟ್ಟನ್ನು ತಂದಿದೆ, ಸಂದರ್ಶನಕ್ಕೆ ಹೋಗುವ ಮೊದಲು ಓದಿಕೊಳ್ಳಿ. ಸಂಬಳದ ಬಗ್ಗೆ ದೊಡ್ಡ ಆಸೆ ಬೇಡ. ಫೀಸು ವಾಪಸ್ ಬರಲು ಸಮಯ ಹಿಡಿಯುತ್ತದೆ.

ಊರಲ್ಲೇ ಸ್ವಂತ ಶುರು ಮಾಡುವ ಆಸೆ ಇದ್ದರೆ, ಮೊದಲು ಎರಡು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿಯಿರಿ. ಆಮೇಲೆ ಐದಾರು ಮಕ್ಕಳಿಂದ ಶುರು ಮಾಡಿ. ನಡೆಯದ ಕೂಸುಗಳಾದರೆ ಒಬ್ಬರಿಗೆ ಮೂರು, ಅದಕ್ಕಿಂತ ಜಾಸ್ತಿ ಬೇಡ. ಪಂಚಾಯತಿನಲ್ಲಿ ಯಾವ ಲೈಸನ್ಸ್ ಬೇಕು ಎಂದು ಬಾಡಿಗೆಗೆ ಮನೆ ಹಿಡಿಯುವ ಮುಂಚೆಯೇ ವಿಚಾರಿಸಿ. ಮಕ್ಕಳನ್ನು ನೋಡಿಕೊಳ್ಳಲು ಯಾರನ್ನು ಇಟ್ಟುಕೊಂಡರೂ ಪೊಲೀಸ್ ಪರಿಶೀಲನೆ ಮಾಡಿಸಿ, ಗುರುತಿನವರಾದರೂ.

ತಾಯಂದಿರು ಸಂಜೆ ಬಂದು "ಇವತ್ತು ಏನು ಕಲಿತಿತು?" ಎಂದು ಕೇಳುತ್ತಾರೆ. ತೋರಿಸಲು ನಿಮ್ಮ ಹತ್ತಿರ ಮಗು ಬರೆದ ಹಾಳೆ ಇರುವುದಿಲ್ಲ. ಅದಕ್ಕೇ ಆ ನೋಟ್‌ಬುಕ್ ಯಾವಾಗಲೂ ಕೈಯಲ್ಲಿರಲಿ. ಕಳೆದ ವಾರ ಒಬ್ಬರು ಕೇಳಿದಾಗ ನಾನು ಓದಿ ಹೇಳಿದೆ: "9.40. ಚಪ್ಪಲಿ ಹಾಕಲು ಕೂತಳು. ಎಡದ್ದು ಬಲಕ್ಕೆ ಹೋಯಿತು. ತೆಗೆದಳು. ಮತ್ತೆ ಹಾಕಿದಳು. 9.52. ಎರಡೂ ಕಾಲಿಗೆ ಸರಿ. ಎದ್ದಳು." ಆ ತಾಯಿ ಸ್ವಲ್ಪ ಹೊತ್ತು ಸುಮ್ನಿದ್ದರು. "ಹನ್ನೆರಡು ನಿಮಿಷವಾ ಟೀಚರೇ? ಮನೆಯಲ್ಲಿ ನಾನು ಹನ್ನೆರಡು ಸೆಕೆಂಡೂ ಬಿಡುವುದಿಲ್ಲ" ಎಂದರು. ಬಾಗಿಲಲ್ಲಿ ಮಗು ಚಪ್ಪಲಿ ಹಾಕಲು ಕೂತಿತ್ತು. ಅಮ್ಮ ಬಗ್ಗಲು ಹೋಗಿ, ನನ್ನ ಮುಖ ನೋಡಿ, ಕೈ ಹಿಂದೆ ಕಟ್ಟಿಕೊಂಡರು. ಬಸ್ಸು ತಪ್ಪಿಹೋಯಿತು.